ಪಾಸ್‌ವರ್ಡ್ ಸರಿ ಇದ್ರೂ ಮೇಲ್ ಆಪ್ ಯಾಕೆ ಲಾಗಿನ್ ಆಗ್ತಿಲ್ಲ?

ಫೋನಿನ ಜೊತೆ ಬರೋ ಮೇಲ್ ಆಪ್ ಬಿಟ್ಟು ಬೇರೆ ಯಾವುದಾದ್ರೂ ಆಪ್ ಹಾಕಿ ನೋಡಿದ್ದೀರಾ? ಪಾಸ್‌ವರ್ಡ್ ಸರಿಯಾಗೇ ಹಾಕಿದ್ರೂ ಕೆಲವು ಸಲ ಲಾಗಿನ್ ಆಗೋದಿಲ್ಲ. ತಪ್ಪು ನಿಮ್ಮದಲ್ಲ, ನಿಯಮ ಬದಲಾಗಿದೆ.

ಮೊದಲು ಪಾಸ್‌ವರ್ಡನ್ನು ಆಪ್‌ಗೇ ಕೊಡ್ತಿದ್ವಿ. ಗಿಡಕ್ಕೆ ನೀರು ಹಾಕಿ ಅಂತ ಪಕ್ಕದ ಮನೆಯವರಿಗೆ ಇಡೀ ಮನೆಯ ಬೀಗದ ಕೈ ಕೊಟ್ಟ ಹಾಗೆ. ಈ ಹಳೆ ದಾರಿಯಲ್ಲಿ ಒಟಿಪಿ ಕೇಳೋಕೆ ಜಾಗವೇ ಇರಲಿಲ್ಲ. ಪಾಸ್‌ವರ್ಡ್ ಕದ್ದವರಿಗೆ ಅದು ಅನುಕೂಲವಾಗಿತ್ತು.

ಈಗಿನ ಪದ್ಧತಿಯ ಹೆಸರು ಓಆತ್ 2.0. ಇದರ ಮಾನದಂಡ ಪ್ರಕಟವಾಗಿದ್ದು 2012ರಲ್ಲಿ. ಇಲ್ಲಿ ನೀವು ಲಾಗಿನ್ ಆಗೋದು ಗೂಗಲ್ ಅಥವಾ ಮೈಕ್ರೋಸಾಫ್ಟ್‌ನ ಪುಟದಲ್ಲಿ. ಆಪ್‌ಗೆ ಸಿಗೋದು ಒಂದು ಟೋಕನ್ ಮಾತ್ರ. ಬೇಡ ಅನ್ನಿಸಿದಾಗ ಅದೊಂದನ್ನೇ ರದ್ದು ಮಾಡಬಹುದು.

ವೈಯಕ್ತಿಕ ಜಿಮೇಲ್ ಖಾತೆಗಳಲ್ಲಿ ಮಾಮೂಲಿ ಪಾಸ್‌ವರ್ಡ್ ಕೊಟ್ಟು ಬೇರೆ ಆಪ್ ಸೇರಿಸೋದನ್ನ ಗೂಗಲ್ 2022ರ ಮೇ 30ರಿಂದ ನಿಲ್ಲಿಸಿತು. ಕಚೇರಿ, ಕಾಲೇಜುಗಳ ಎಕ್ಸ್‌ಚೇಂಜ್ ಆನ್‌ಲೈನ್ ಖಾತೆಗಳಲ್ಲಿ ಮೈಕ್ರೋಸಾಫ್ಟ್ 2022ರ ಅಕ್ಟೋಬರ್ 1ರಿಂದ ಹಂತ ಹಂತವಾಗಿ ಇದೇ ಕೆಲಸ ಮಾಡ್ತು. ವೈಯಕ್ತಿಕ ಔಟ್‌ಲುಕ್ ಖಾತೆಗಳ ಸರದಿ 2024ರ ಸೆಪ್ಟೆಂಬರ್ 16ರಂದು ಬಂತು.

ಭದ್ರತೆಗೆ ಇದು ಒಳ್ಳೆಯದೇ. ಹಾಗಾದ್ರೆ ತೊಂದರೆ ಯಾರಿಗೆ? ಓಪನ್ ಸೋರ್ಸ್ ಆಪ್ ಬರೆಯುವವರಿಗೆ.

ಓಆತ್ 'ನೀವು ಯಾರು' ಅಂತ ಮಾತ್ರ ಕೇಳಲ್ಲ, 'ಈ ಆಪ್ ಯಾರದ್ದು' ಅಂತಲೂ ಕೇಳುತ್ತೆ. ಅದಕ್ಕೆ ಆಪ್ ಬರೆದವರು ಮೊದಲೇ ನೋಂದಣಿ ಮಾಡಿಸಿ ಗುರುತಿನ ಸಂಖ್ಯೆ ಪಡೀಬೇಕು. ಗೂಗಲ್ ಅದರ ಜೊತೆಗೆ ಒಂದು ರಹಸ್ಯ ಕೋಡನ್ನೂ ಕೊಡುತ್ತೆ. ಓಪನ್ ಸೋರ್ಸ್ ಅಂದ್ರೆ ಸೋರ್ಸ್ ಕೋಡ್ ಎಲ್ಲರಿಗೂ ಕಾಣುವಂಥದ್ದು. ಅದರೊಳಗೆ ಇಟ್ಟದ್ದು ರಹಸ್ಯ ಹೇಗಾಗುತ್ತೆ? ಇಂಥ ಕೋಡುಗಳನ್ನು ಓಪನ್ ಸೋರ್ಸ್ ಯೋಜನೆಗಳಲ್ಲಿ ಸೇರಿಸಬಾರದು ಅಂತ ಗೂಗಲ್‌ನ ಷರತ್ತುಗಳಲ್ಲೇ ಇದೆ. ಆದ್ರೂ ಬೇರೆ ದಾರಿ ಇಲ್ಲದೆ ಥಂಡರ್‌ಬರ್ಡ್‌ನಂಥ ಆಪ್‌ಗಳ ಸೋರ್ಸ್‌ನಲ್ಲಿ ಅದು ಎಲ್ಲರ ಕಣ್ಣೆದುರೇ ಇದೆ.

ಎರಡನೇದು, ಪರಿಶೀಲನೆ. ಇಡೀ ಮೇಲ್‌ಬಾಕ್ಸ್ ಓದುವ ಆಪ್‌ಗೆ ಗೂಗಲ್‌ನ ಒಪ್ಪಿಗೆ ಬೇಕು. ಅಲ್ಲಿವರೆಗೆ ಬಳಕೆದಾರರ ಮಿತಿ 100. ಮೇಲ್ ಮಾಹಿತಿ ಡೆವಲಪರ್‌ನ ಸರ್ವರ್ ಮೂಲಕ ಹೋಗೋದಾದ್ರೆ ಹೊರಗಿನವರಿಂದ ಭದ್ರತಾ ತಪಾಸಣೆಯನ್ನೂ ಮಾಡಿಸಬೇಕು. ಬಿಡುವಿನಲ್ಲಿ, ಸಂಬಳವಿಲ್ಲದೆ ಆಪ್ ಬರೆಯುವ ಒಬ್ಬರಿಗೆ ಇದು ಸಣ್ಣ ಹೊರೆಯಲ್ಲ.

ದಾರಿ ಪೂರ್ತಿ ಮುಚ್ಚಿಲ್ಲ. ಜಿಮೇಲ್‌ನಲ್ಲಿ ಎರಡು ಹಂತದ ಪರಿಶೀಲನೆ ಆನ್ ಮಾಡಿದ್ರೆ 16 ಅಕ್ಷರದ ಆಪ್ ಪಾಸ್‌ವರ್ಡ್ ಸಿಗುತ್ತೆ. ಮಟ್ ಬಳಸುವವರು ಸ್ಕ್ರಿಪ್ಟ್ ಮೂಲಕ ಟೋಕನ್ ತರಿಸ್ಕೋತಾರೆ. ಆದ್ರೆ ಕಾಲೇಜು, ಕಚೇರಿ ಖಾತೆಗಳಲ್ಲಿ ಯಾವ ಆಪ್ ಬಿಡಬೇಕು ಅನ್ನೋದು ಅಲ್ಲಿನ ಅಡ್ಮಿನ್ ಕೈಲಿರುತ್ತೆ.

ಇಮೇಲ್‌ನ ದೊಡ್ಡ ಗುಣ ಇದ್ದಿದ್ದೇ ಇಲ್ಲಿ: ಐಮ್ಯಾಪ್ ಮುಕ್ತ ಮಾನದಂಡ, ಅದನ್ನು ಓದಿ ಯಾರು ಬೇಕಾದ್ರೂ ಆಪ್ ಬರೀಬಹುದಿತ್ತು. ಇವತ್ತೂ ಬರೀಬಹುದು, ಆದ್ರೆ ಓಡಿಸೋಕೆ ದೊಡ್ಡ ಕಂಪನಿಯ ಒಪ್ಪಿಗೆ ಬೇಕು. ನಮ್ಮ ಪತ್ರವನ್ನು ಯಾವ ಆಪ್‌ನಲ್ಲಿ ಓದಬೇಕು ಅನ್ನೋದನ್ನ ನಾವು ತೀರ್ಮಾನ ಮಾಡಬೇಕಾ, ಕಂಪನಿಯಾ? ಯೋಚನೆ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.