ಚಳಿಗಾಲದ ಹಿತ್ತಿಲ ಕೋಳಿ: ಮೇವು ಮತ್ತು ವಿನೋದ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುಕ್ಕುಟ ವಿನೋದವೂ ಒಂದು ರಾಜವಿನೋದವಾಗಿ ಸೇರಿರುವುದು ವಾಚಕರಿಗೆ ವಿದಿತವೇ ಆಗಿದೆ. ನಾವು ನೆಲಸಿರುವ ಆಂಧ್ರದ ಕರಾವಳಿಯಲ್ಲಿಯೂ ಸಂಕ್ರಾಂತಿ ಬಂದಿತೆಂದರೆ ಕೋಳಿ ಅಂಕ. 1960ರ ಪ್ರಾಣಿಹಿಂಸೆ ತಡೆ ಕಾಯಿದೆಗೆ ವಿರುದ್ಧವಾದರೂ ಅದು ನಿಂತಿಲ್ಲ. ಇವೆಲ್ಲವೂ ಕೋಳಿಯಿಂದ ಮನುಷ್ಯನು ಪಡೆಯುವ ವಿನೋದ. ಕೋಳಿಗೆ ತಾನೇ ಬೇಕಾದ ವಿನೋದವಾವುದು? ಚಳಿಗಾಲದಲ್ಲಿ ಈ ಪ್ರಶ್ನೆಯು ಮೇವಿನ ಪ್ರಶ್ನೆಯಿಂದ ಬೇರೆಯಲ್ಲ.

ವಿಶಾಖಪಟ್ಟಣದ ಬಳಿಯ ನಮ್ಮ ಪರವಾಡದಲ್ಲಿ ಚಳಿ ಸೌಮ್ಯವಾದುದು. ಅರಕು, ಲಂಬಸಿಂಗಿಗಳ ಬೆಟ್ಟದ ಚಳಿ ಇಲ್ಲಿಲ್ಲ. ಕೋಳಿಯ ಮೈಶಾಖವು ಸುಮಾರು 41 ಡಿಗ್ರಿ ಸೆಲ್ಸಿಯಸ್. ಗರಿ ಒಣಗಿದ್ದರೆ ಇಲ್ಲಿಯ ಚಳಿಯನ್ನು ಅದು ಸುಲಭವಾಗಿ ತಡೆಯಬಲ್ಲದು. ನಿಜವಾದ ಕೊರತೆ ಬೆಳಕಿನದು. ಹೇಂಟೆಯು ಚೆನ್ನಾಗಿ ಮೊಟ್ಟೆಯಿಡಲು ದಿನಕ್ಕೆ 14ರಿಂದ 16 ತಾಸು ಬೆಳಕು ಬೇಕು. ಡಿಸೆಂಬರಿನಲ್ಲಿ ಇಲ್ಲಿಯ ಹಗಲು ಸುಮಾರು 11 ತಾಸು ಮಾತ್ರ. ಹಗಲು ಕುಗ್ಗುವ ಈ ಕಾಲದಲ್ಲೇ ಹಳೆಯ ಗರಿ ಉದುರಿ ಹೊಸದು ಮೂಡುತ್ತದೆ. ಗರಿಯ ಬಹುಭಾಗ ಸಸಾರಜನಕ. ಆದುದರಿಂದ ಬರಿಯ ನುಚ್ಚು, ತೌಡು ಸಾಲವು. ಹಿಂಡಿ, ಒಣಮೀನಿನ ಪುಡಿ, ನುಗ್ಗೆಸೊಪ್ಪು ಬೇಕು.

ಮೊಟ್ಟೆಯಿಡುವ ಹೇಂಟೆಯೊಂದಕ್ಕೆ ದಿನಕ್ಕೆ 100ರಿಂದ 120 ಗ್ರಾಮ್ ಆಹಾರವೆಂಬುದು ಸಾಮಾನ್ಯ ಲೆಕ್ಕ. ಜೋಳವನ್ನೋ ಮೆಕ್ಕೆಜೋಳದ ನುಚ್ಚನ್ನೋ ಸಂಜೆ ಗೂಡು ಸೇರುವ ಮುನ್ನ ಹಾಕತಕ್ಕದ್ದು. ಗಂಟಲ ಕೆಳಗಿನ ಚೀಲದಲ್ಲಿ ತುಂಬಿದ ಕಾಳು ರಾತ್ರಿಯೆಲ್ಲ ನಿಧಾನವಾಗಿ ಜೀರ್ಣವಾಗುತ್ತ ಮೈಯನ್ನು ಬೆಚ್ಚಗಿಡುತ್ತದೆ. ಮೊಟ್ಟೆಯ ಓಡಿಗೆ ಸುಣ್ಣದ ಅಂಶ ಅವಶ್ಯ. ಕಡಲ ಚಿಪ್ಪಿನ ಪುಡಿಯನ್ನು ಬೇರೆ ಪಾತ್ರೆಯಲ್ಲಿಡಬಹುದು. ತೇವದಿಂದ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ಮಾತ್ರ ಎಸೆಯಲೇಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಸಹಸ್ರಾರು ಟರ್ಕಿ ಕೋಳಿಗಳು ಸತ್ತುದು ಇಂತಹ ಹಿಂಡಿಯಿಂದಲೇ. ಅಫ್ಲಾಟಾಕ್ಸಿನ್ ಎಂಬ ವಿಷವು ಪತ್ತೆಯಾದುದು ಆ ದುರಂತದ ಶೋಧದಿಂದ.

ಇಷ್ಟನ್ನು ಓದಿ ತಿಳಿದೂ ನಾನು ತಪ್ಪಿದೆನು. ಒಂದು ವರ್ಷ ವಾಯುಭಾರ ಕುಸಿತದ ಮಳೆ ಹಿಡಿದಾಗ ನಮ್ಮ ಎಂಟು ಹೇಂಟೆಗಳನ್ನು ಗೂಡಿನಲ್ಲೇ ಕೂಡಿ, ಸುತ್ತಲೂ ಗೋಣಿಚೀಲ ಬಿಗಿದು, ತಟ್ಟೆಯ ತುಂಬ ಮೇವಿಟ್ಟೆನು. ಐದನೆಯ ದಿನ ಒಂದರ ಬೆನ್ನು ರಕ್ತಮಯವಾಗಿತ್ತು. ರೋಗವೆಂದು ಭ್ರಮಿಸಿ ಮೇವು ಹೆಚ್ಚಿಸಿದೆನು, ಅದು ಬದುಕಲಿಲ್ಲ. ಕೊಂದುದು ಹಸಿವೂ ಅಲ್ಲ, ಚಳಿಯೂ ಅಲ್ಲ, ಮಿಕ್ಕವುಗಳ ನಿರುದ್ಯೋಗ. ಕೋಳಿಯ ಮೂಲವಾದ ಕಾಡುಕೋಳಿ ಹಗಲಿನ ಬಹುಭಾಗವನ್ನು ನೆಲ ಕೆದರುವುದರಲ್ಲೂ ಕುಕ್ಕುವುದರಲ್ಲೂ ಕಳೆಯುತ್ತದೆ. ನೆಲ ಸಿಗದ ಕೊಕ್ಕು ನೆರೆಯ ಹಕ್ಕಿಯ ಗರಿಯ ಮೇಲೆರಗುತ್ತದೆ. ನಾರ್ವೆಯ ಷೆಲ್ಡೆರುಪ್-ಎಬ್ಬೆ 1920ರ ದಶಕದಲ್ಲಿ ವಿವರಿಸಿದಂತೆ ಹಿಂಡಿನಲ್ಲಿ ಮೇಲುಕೀಳುಗಳ ಶ್ರೇಣಿಯುಂಟು. ಇಕ್ಕಟ್ಟಿನಲ್ಲಿ ಕಟ್ಟಕಡೆಯದಕ್ಕೆ ಓಡಲು ಎಡೆಯಿಲ್ಲ.

ಪರಿಹಾರವು ದುಬಾರಿಯಲ್ಲ. ಸುಗ್ಗಿಯ ಬತ್ತದ ಹುಲ್ಲನ್ನು ಮಾಡಿನ ಕೆಳಗೆ ಗೇಣುದ್ದ ಹರಡಿ, ಕಾಳನ್ನು ಅದರೊಳಗೆ ಎರಚಿದರೆ ಹಿಂಡು ತಾಸುಗಟ್ಟಲೆ ಕೆದಕುತ್ತದೆ. ಸೊಪ್ಪಿನ ಕಟ್ಟನ್ನು ಕೊಕ್ಕಿಗೆಟುಕುವಷ್ಟು ಎತ್ತರದಲ್ಲಿ ತೂಗುಬಿಡಬೇಕು. ಒಣಮಣ್ಣು, ಬೂದಿಗಳ ಗುಣಿಯೊಂದು ಹೊರಳಾಟಕ್ಕಿರಬೇಕು. ಮೇವನ್ನು ಎರಡು ಮೂರು ಕಡೆ ಇಟ್ಟರೆ ದುರ್ಬಲಕ್ಕೂ ಪಾಲು ದೊರೆಯುತ್ತದೆ. ಗೂಡಿನ ಮೇಲ್ಭಾಗದಲ್ಲಿ ಗಾಳಿಯಾಡುವಂತಿರಲಿ.

ಹುಲ್ಲು ಹರಡಿದ ಮೇಲೆ ನಮ್ಮ ಉಳಿದ ಏಳರಲ್ಲಿ ಕುಕ್ಕಾಟ ಅಡಗಿತು. ಮೊಟ್ಟೆ ಹೆಚ್ಚಲಿಲ್ಲ, ಅದಕ್ಕೆ ಹಗಲು ಬೆಳೆಯುವವರೆಗೆ ಕಾಯಬೇಕಾಯಿತು. ಕಾಯುವುದೂ ಸಾಕಣೆಯ ಒಂದು ಅಂಗವೇ.