ದೃಗ್ಗಣಿತವೂ ಶಾಸ್ತ್ರಪ್ರಾಮಾಣ್ಯವೂ

ಪಂಚಾಂಗಗಳಲ್ಲಿ ‘ದೃಗ್ಗಣಿತ ರೀತ್ಯಾ’ ಎಂಬ ಮಾತನ್ನು ಕಂಡು ನಾವು ಪುಟ ತಿರುವಿಬಿಡುತ್ತೇವೆ. ದೃಕ್ ಎಂದರೆ ನೋಟ. ನೋಟಕ್ಕೆ ಹೊಂದುವ ಗಣಿತವೇ ದೃಗ್ಗಣಿತ. ಇದೇ ಹೆಸರಿನ ಗ್ರಂಥವನ್ನು ಕ್ರಿ.ಶ. 1431ರಲ್ಲಿ ರಚಿಸಿದವನು ಕೇರಳದ ವಟಶ್ಶೇರಿಯ ಪರಮೇಶ್ವರ.

ಆರ್ಯಭಟನು ಗ್ರಹಗತಿಗಳನ್ನು ನಿರ್ಣಯಿಸಿದ್ದು ಕ್ರಿ.ಶ. 499ರ ಸುಮಾರಿನಲ್ಲಿ. ಗತಿಯ ಅಂಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಶತಮಾನಗಳು ಉರುಳಿದಂತೆ ಅದು ಕೂಡಿ ಕೂಡಿ ಬೆಳೆಯುವುದಷ್ಟೆ. 683ರಲ್ಲಿ ಹರಿದತ್ತನು ‘ಪರಹಿತ’ವೆಂಬ ಪದ್ಧತಿಯಿಂದ ಇದನ್ನು ತಿದ್ದಿದನು. ಮುಂದೆ ಏಳು ಶತಮಾನಗಳಲ್ಲಿ ಪರಹಿತವೂ ಆಕಾಶದಿಂದ ದೂರ ಸರಿಯಿತು. ತಿಥಿಯೇ ತಪ್ಪಿದರೆ ವ್ರತವೂ ಶ್ರಾದ್ಧವೂ ಅಕಾಲದಲ್ಲಿ ನಡೆದಂತಾಗುತ್ತದೆ. ಆದ್ದರಿಂದ ಇದು ಕೇವಲ ಪಂಡಿತರ ಚರ್ಚೆಯಾಗಿರಲಿಲ್ಲ.

ಪರಮೇಶ್ವರನು ಒರೆಗಲ್ಲಾಗಿ ಆರಿಸಿಕೊಂಡದ್ದು ಗ್ರಹಣವನ್ನು. ಚಂದ್ರನು ಸೂರ್ಯನಿಗಿಂತ ಗಂಟೆಗೆ ಸುಮಾರು ಅರ್ಧ ಡಿಗ್ರಿ ಮುಂದೆ ಸಾಗುತ್ತಾನೆ. ಗಣಿತದ ಚಂದ್ರನಿಗೂ ಆಕಾಶದ ಚಂದ್ರನಿಗೂ ಕಾಲು ಡಿಗ್ರಿಯ ಅಂತರವಿದ್ದರೆ ಬರಿಗಣ್ಣಿಗೆ ಅದು ಸುಲಭವಾಗಿ ತಿಳಿಯದು. ಆದರೆ ಗ್ರಹಣದ ಸ್ಪರ್ಶಕಾಲ ಅರ್ಧ ಗಂಟೆ, ಅಂದರೆ ಒಂದೂಕಾಲು ಘಳಿಗೆ, ಹಿಂದುಮುಂದಾಗುತ್ತದೆ. ಅದನ್ನು ಯಾರೂ ಮರೆಮಾಚಲಾರರು. ಪರಮೇಶ್ವರನು ಐವತ್ತೈದು ವರ್ಷ ಆಕಾಶವನ್ನು ಪರೀಕ್ಷಿಸಿದನೆಂದು ನೀಲಕಂಠ ಸೋಮಯಾಜಿಯು ಹೇಳುತ್ತಾನೆ. ಒಬ್ಬ ಮನುಷ್ಯನ ಆಯುಷ್ಯದ ಬಹುಭಾಗವಿದು!

ಈ ನೀಲಕಂಠನು (ಜನನ 1444) ಪರಮೇಶ್ವರನ ಮಗನಾದ ದಾಮೋದರನ ಶಿಷ್ಯ. ಇವನ ‘ಜ್ಯೋತಿರ್ಮೀಮಾಂಸೆ’ಯಲ್ಲಿ ಮೂಲಭೂತವಾದ ಪ್ರಶ್ನೆಯೊಂದು ಎದ್ದು ನಿಲ್ಲುತ್ತದೆ: ಆರ್ಯಭಟನಿಗೆ ಸಾಕ್ಷಾತ್ ಬ್ರಹ್ಮನೇ ಪ್ರಸನ್ನನಾಗಿ ಈ ವಿದ್ಯೆಯನ್ನು ಅನುಗ್ರಹಿಸಿದನೆಂದ ಮೇಲೆ ಮನುಷ್ಯನು ಅದನ್ನು ಪರೀಕ್ಷಿಸುವುದೇನು? ನೀಲಕಂಠನ ಉತ್ತರ ನಿಷ್ಠುರವಾದುದು. ದೇವತಾಪ್ರಸಾದವು ಬುದ್ಧಿಯನ್ನು ನಿರ್ಮಲಗೊಳಿಸುತ್ತದೆಯೇ ಹೊರತು ಬ್ರಹ್ಮನಾಗಲಿ ಸೂರ್ಯನಾಗಲಿ ತಾನೇ ಬಂದು ಉಪದೇಶಿಸುವುದಿಲ್ಲ ಎಂಬುದು ಅವನ ಅಭಿಪ್ರಾಯ. ಇದು ನಾಸ್ತಿಕನ ಮಾತಲ್ಲ. ಸೋಮಯಾಗವನ್ನು ಮಾಡಿದ ಶ್ರದ್ಧಾವಂತನ ಮಾತು. ಅನುಗ್ರಹವನ್ನು ಅವನು ಅಲ್ಲಗಳೆಯಲಿಲ್ಲ, ಅದರ ನೆಲೆಯನ್ನು ಬದಲಿಸಿದನು. ನಿರ್ಮಲವಾದ ಬುದ್ಧಿಯೂ ನೋಡಬೇಕು, ಎಣಿಸಬೇಕು, ತಿದ್ದಬೇಕು. ತಿದ್ದಿದುದನ್ನು ಶಿಷ್ಯರಿಗೂ ಪ್ರಶಿಷ್ಯರಿಗೂ ಒಪ್ಪಿಸಬೇಕು. ಸಿದ್ಧಾಂತಗಳು ಪರಸ್ಪರ ವಿರೋಧಿಸಿದಾಗ ಆಕಾಶದೊಡನೆ ಹೊಂದುವುದೇ ಗ್ರಾಹ್ಯ.

ಈ ನಿಲುವು ಮಾತಿನಲ್ಲಿಯೇ ಉಳಿಯಲಿಲ್ಲ. 1500ರ ಸುಮಾರಿನ ‘ತಂತ್ರಸಂಗ್ರಹ’ದಲ್ಲಿ ನೀಲಕಂಠನು ಬುಧಶುಕ್ರರ ಗಣಿತವನ್ನು ತಿದ್ದಿದನು. ಹಿಂದಿನವರು ಈ ಎರಡು ಗ್ರಹಗಳ ಮಂದಸಂಸ್ಕಾರವನ್ನು ಮಧ್ಯಮ ಸೂರ್ಯನಿಗೆ ಮಾಡುತ್ತಿದ್ದರು; ಇವನು ಅದನ್ನು ಆಯಾ ಗ್ರಹದ ಸ್ವಂತ ಗತಿಗೇ ಅನ್ವಯಿಸಿದನು. ಅವನ ಇತರ ಕೃತಿಗಳಲ್ಲಿ ಪಂಚಗ್ರಹಗಳು ಸೂರ್ಯನನ್ನೂ, ಸೂರ್ಯನು ಭೂಮಿಯನ್ನೂ ಸುತ್ತುವ ಕಲ್ಪನೆಯಿದೆ. ಇದನ್ನೇ ಕೋಪರ್ನಿಕಸನ ಸೂರ್ಯಕೇಂದ್ರವಾದವೆಂದು ಹಿಗ್ಗುವವರುಂಟು, ಅದು ಸರಿಯಲ್ಲ. ಭೂಮಿಯು ಇಲ್ಲಿ ಕೇಂದ್ರದಲ್ಲಿಯೇ ಉಳಿದಿದೆ. 1588ರಲ್ಲಿ ಡೆನ್ಮಾರ್ಕಿನ ಟೈಕೋ ಬ್ರಾಹೆ ಪ್ರಕಟಿಸಿದ ವ್ಯವಸ್ಥೆಗೆ ಇದು ಹತ್ತಿರವೆನ್ನಬಹುದು.

ಓಲೆಗರಿಗಳಲ್ಲಿದ್ದ ‘ದೃಗ್ಗಣಿತ’ವು 1963ರಲ್ಲಿ, ‘ಜ್ಯೋತಿರ್ಮೀಮಾಂಸೆ’ಯು 1977ರಲ್ಲಿ ಕೆ. ವಿ. ಶರ್ಮರ ಸಂಪಾದನೆಯಲ್ಲಿ ಪಂಜಾಬಿನ ಹೊಶಿಯಾರಪುರದಿಂದ ಪ್ರಕಟವಾದವು.