ಮುಳುಗಿದ ದೋಣಿಯೊಳಗೆ ಇಳಿಯುವವರು

2021ರ ಏಪ್ರಿಲ್ 13, ರಾತ್ರಿ ಸುಮಾರು 2 ಗಂಟೆ. ಕರಾವಳಿಯ ನಮ್ಮ ಮನೆಗಳಲ್ಲಿ ಆ ರಮಝಾನಿನ ಮೊದಲ ಸಹರಿಯ ತಯಾರಿ. ಅದೇ ಹೊತ್ತಿಗೆ ಮಂಗಳೂರಿನಿಂದ ಸುಮಾರು 43 ನಾಟಿಕಲ್ ಮೈಲು ದೂರದ ಕಡಲಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕಾ ದೋಣಿಗೂ 'ಎಪಿಎಲ್ ಲೆ ಹಾವ್ರ್' ಎಂಬ ಸಿಂಗಾಪುರದ ಸರಕು ಹಡಗಿಗೂ ಡಿಕ್ಕಿಯಾಯಿತು. ದೋಣಿಯಲ್ಲಿದ್ದ ತಮಿಳುನಾಡು, ಪಶ್ಚಿಮ ಬಂಗಾಳದ 14 ಮಂದಿಯಲ್ಲಿ ಬದುಕಿ ಬಂದವರು ಇಬ್ಬರೇ.

ನೌಕಾಪಡೆಯ ಡೈವಿಂಗ್ ಹಡಗು 'ಐಎನ್‌ಎಸ್ ನಿರೀಕ್ಷಕ್' ಅಲ್ಲಿಗೆ ಬಂತು. ಡೈವರ್‌ಗಳು ತಳಕ್ಕೆ ಇಳಿದು ಶವಗಳನ್ನು ಮೇಲೆ ತಂದರು. ಆದರೂ ಎಲ್ಲರೂ ಸಿಗಲಿಲ್ಲ.

ಅದು ಸುಲಭದ ಕೆಲಸವಲ್ಲ. ನಮ್ಮ ಅರಬೀ ಸಮುದ್ರದ ಮೇಲ್ಮೈ ನೀರು ಬೆಚ್ಚಗಿರುತ್ತದೆ ನಿಜ, ಆದರೆ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಏರುತ್ತಾ ಹೋಗುತ್ತದೆ. 30 ಮೀಟರ್ ದಾಟಿದರೆ ಉಸಿರಿನ ನೈಟ್ರೋಜನ್ನೇ ಅಮಲಿನಂತೆ ತಲೆಗೇರುತ್ತದೆ. ಅವಸರದಲ್ಲಿ ಮೇಲೆ ಬಂದರೆ ರಕ್ತದಲ್ಲಿ ಗುಳ್ಳೆ ಕಟ್ಟಿ ಪಾರ್ಶ್ವವಾಯು, ಸಾವೂ ಆಗಬಹುದು. ಮೋಜಿಗೆ ಸ್ಕೂಬಾ ಮಾಡುವವರ ಮಿತಿ 40 ಮೀಟರ್. ಮೀನಿನ ದೋಣಿಯಲ್ಲಂತೂ ಬಲೆಯೇ ದೊಡ್ಡ ಶತ್ರು, ಕಾಲಿಗೆ ಸುತ್ತಿಕೊಂಡರೆ ಬಿಡಿಸುವುದು ಕಷ್ಟ. ಕೆಸರು ಎದ್ದರೆ ತನ್ನ ಕೈಯೇ ತನಗೆ ಕಾಣದು. ಅದಕ್ಕೇ ಚೂರಿ, ದೀಪ, ಹಿಂದಿರುಗುವ ದಾರಿಗೆ ಹಗ್ಗ, ಜೊತೆಗೊಬ್ಬ ಸಂಗಾತಿ ಬೇಕೇ ಬೇಕು.

ಸತ್ತವರಿಗಾಗಿ ಬದುಕಿದವರು ಇಷ್ಟು ಅಪಾಯಕ್ಕೆ ಇಳಿಯಬೇಕೇ ಅಂತ ಕೇಳುವವರಿದ್ದಾರೆ. ನಮ್ಮ ಫಿಕ್ಹ್ ನೋಡಿ. ಮುಳುಗಿ ಸತ್ತವರು ಶಹೀದರ ಸಾಲಿಗೆ ಸೇರುತ್ತಾರೆ ಎಂದು ಹದೀಸ್‌ನಲ್ಲಿದೆ. ಆದರೆ ಅದು ಪರಲೋಕದ ದರ್ಜೆ. ಗುಸ್ಲ್, ಕಫನ್, ನಮಾಝ್, ದಫನ್ ಎಲ್ಲವೂ ಇವರಿಗೂ ಉಂಟು. ದಿನಗಟ್ಟಲೆ ನೀರಲ್ಲೇ ಇದ್ದರೂ ಶಾಫಿಈ ಮದ್ಸಬಿನಲ್ಲಿ ಗುಸ್ಲ್ ಕೊಡಲೇಬೇಕು. ಯಾಕೆಂದರೆ ಸ್ನಾನ ಮಾಡಿಸುವುದು ಬದುಕಿರುವ ನಮ್ಮ ಮೇಲಿನ ಫರ್ಳ್ ಕಿಫಾಯ, ಸಮುದ್ರದ ಮೇಲಿನದ್ದಲ್ಲ. ಮಯ್ಯಿತ್ ಸಿಗದಿದ್ದರೆ ಈ ಫರ್ಳ್ ತೀರಿಸಲು ದಾರಿಯೇ ಇಲ್ಲ. ಪತ್ನಿಯ ಇದ್ದತ್, ಆಸ್ತಿಯ ಹಂಚಿಕೆಗೂ ಸಾವು ಖಚಿತವಾಗಬೇಕು, ಇಲ್ಲವೇ ಖಾಝಿಯ ತೀರ್ಪು ಬೇಕು.

ಮಲ್ಪೆಯ 'ಸುವರ್ಣ ತ್ರಿಭುಜ' ಏಳು ಮೀನುಗಾರರೊಂದಿಗೆ 2018ರ ಡಿಸೆಂಬರಿನಲ್ಲಿ ಕಾಣೆಯಾಯಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಬಳಿಯ ಕಡಲ ತಳದಲ್ಲಿ ಪತ್ತೆಯಾದದ್ದು 2019ರ ಮೇ ತಿಂಗಳಲ್ಲಿ, ಇದೇ 'ನಿರೀಕ್ಷಕ್'ನಿಂದ. ಅಲ್ಲಿಯವರೆಗೆ ಆ ಏಳು ಮನೆಯವರು ಅಳಬೇಕೋ ಕಾಯಬೇಕೋ ತಿಳಿಯದೆ ದಿನ ದೂಡಿದರು. ಧರ್ಮ ಯಾವುದಾದರೂ ತಾಯಿಯ ಸಂಕಟ ಒಂದೇ.

ಕಡಲು ನಮ್ಮ ಹುಣಸೂರು, ಪಿರಿಯಾಪಟ್ಟಣದಿಂದ ದೂರ ಇರಬಹುದು. ನೀರು ದೂರ ಇಲ್ಲ. ಲಕ್ಷ್ಮಣತೀರ್ಥ, ಕೆ.ಆರ್. ನಗರದ ಕಾವೇರಿ, ಎಚ್.ಡಿ. ಕೋಟೆಯ ಕಬಿನಿ, ತಾರಕ, ನುಗು ನಮ್ಮ ಮಕ್ಕಳು ಹೋಗುವ ಜಾಗಗಳೇ. ಕಬಿನಿ ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳಿವೆ, ಅವು ಬಲೆಯಷ್ಟೇ ಅಪಾಯ. ಯಾರಾದರೂ ಮುಳುಗಿದರೆ ತರಬೇತಿ ಇಲ್ಲದೆ ಹಿಂದೆಯೇ ಹಾರಬೇಡಿ, ಒಂದು ಜನಾಝ ಎರಡಾದೀತು. ಹಗ್ಗ, ಖಾಲಿ ಕ್ಯಾನ್ ಎಸೆಯಿರಿ, 112ಕ್ಕೆ ಕರೆ ಮಾಡಿ.

ಜನಾಝದ ಮಂಚ, ಕಫನ್ ಬಟ್ಟೆ ಪ್ರತಿ ಜಮಾಅತಿನಲ್ಲೂ ಸಿದ್ಧ ಇರುತ್ತದೆ. ಅದರ ಪಕ್ಕದಲ್ಲೇ ನಾಲ್ಕು ಲೈಫ್ ಜಾಕೆಟ್, ಒಂದು ಉದ್ದ ಹಗ್ಗ ಇಡೋಣ. ಈಜು ಬಲ್ಲ ಇಬ್ಬರು ಯುವಕರನ್ನು ರಕ್ಷಣಾ ತರಬೇತಿಗೆ ಕಳಿಸೋಣ. ಊರಲ್ಲಿ ಒಬ್ಬರು ಮಾಡಿದರೆ ಎಲ್ಲರ ಹೊಣೆ ತೀರುವುದೇ ಫರ್ಳ್ ಕಿಫಾಯ. ಯಾರೂ ಮಾಡದಿದ್ದರೆ ಹೊಣೆ ಎಲ್ಲರ ಮೇಲೆ.